ಬ್ರೆಡ್ಡಿನ ತುಂಡನ್ನು ಅಳತೆಗೆ ಒಯ್ದು ತಂದ ಟೋಸ್ಟರ್

ಈ ಸಲ ವಿರಾಜಪೇಟೆಯ ಅಂಗಡಿಗೆ ಹೋಗುವಾಗ ನಮ್ಮೂರ ಬೇಕರಿಯ ಬ್ರೆಡ್ಡಿನ ಎರಡು ತುಂಡುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಪೆಟ್ಟಿಗೆ ಬಿಚ್ಚಿ ತೋರಿಸಿದ ಪ್ರತಿಯೊಂದು ಸ್ಯಾಂಡ್‌ವಿಚ್ ಟೋಸ್ಟರಿನ ಮೇಲೂ ಅವುಗಳನ್ನು ಇಟ್ಟು ನೋಡಿದೆ. ಐದು ಟೋಸ್ಟರ್‌ಗಳ ಪೈಕಿ ಮೂರರಲ್ಲಿ ಬ್ರೆಡ್ಡಿನ ಅಂಚು ಹೊರಗೆ ಚಾಚಿತು. ‘ಅಕ್ಕಾ, ಅಂಚು ಕತ್ತರಿಸಿದರೆ ಸರಿಯಾಗುತ್ತದೆ’ ಎಂದ. ಮೂರು ವರ್ಷ ದಿನವೂ ಅಂಚು ಕತ್ತರಿಸಿದ್ದೇನೆ, ಇನ್ನು ಕತ್ತರಿಸುವುದಿಲ್ಲ ಎಂದು ಹೇಳಿ ಆ ಮೂರನ್ನೂ ಒಳಗಿಡಿಸಿದೆ.

ನಮ್ಮದು ಸಿದ್ದಾಪುರದ ಬಳಿಯ ತೋಟದ ಮನೆ. ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೆಳಗ್ಗೆ ಏಳೂಕಾಲಕ್ಕೆ ಶಾಲೆಯ ವಾಹನ ಗೇಟಿನ ಮುಂದೆ ನಿಲ್ಲುತ್ತದೆ. ಅಷ್ಟರೊಳಗೆ ನಾಲ್ಕು ಸ್ಯಾಂಡ್‌ವಿಚ್ ಆಗಬೇಕು. ಹಳೆಯ ಟೋಸ್ಟರ್ ತ್ರಿಕೋನ ಅಚ್ಚಿನದು. ಬ್ರೆಡ್ಡನ್ನು ನಡುವೆ ಒತ್ತಿ ಅಂಚುಗಳನ್ನು ಬೆಸೆಯುತ್ತದೆ, ಒಳಗಿನ ಪಲ್ಯ ಹೊರಬರುವುದಿಲ್ಲ. ನೋಡಲು ಅಂದ. ಆದರೆ ಪಲ್ಯ ಎರಡು ಚಮಚಕ್ಕಿಂತ ಹೆಚ್ಚಾದರೆ ಮುಚ್ಚಳ ಕೂರುವುದಿಲ್ಲ. ಒತ್ತಿ ಕೊಕ್ಕೆ ಸಿಕ್ಕಿಸಿದ ಒಂದು ದಿನ ಆ ಪ್ಲಾಸ್ಟಿಕ್ ಕೊಕ್ಕೆಯೇ ಮುರಿದು ಕೈಗೆ ಬಂತು. ಮಾರಿದ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ ಎಂದರು. ಮೂರು ವರ್ಷ ದುಡಿದ ಯಂತ್ರ ಒಂದು ಕೊಕ್ಕೆಗಾಗಿ ಮೂಲೆ ಸೇರಿದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೊಡಗಿನಲ್ಲಿ ಟೋಸ್ಟರ್ ಕೊಳ್ಳುವವರು ಬಣ್ಣ ನೋಡುವ ಮೊದಲು ತಮ್ಮ ಮನೆಯ ಕರೆಂಟನ್ನು ನೋಡಬೇಕು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗಾಗಿ ಸುತ್ತಲಿನ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಓಡುತ್ತವೆ. ಆಗ ನಮ್ಮ ಸ್ಟೆಬಿಲೈಸರಿನ ಮುಳ್ಳು 170 ವೋಲ್ಟಿಗೆ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗ ಕುಸಿದರೆ ಶಾಖವೂ ಕಾಲು ಭಾಗವಷ್ಟೇ ಕುಸಿಯುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ಅದು ವೋಲ್ಟೇಜಿನ ವರ್ಗದ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟಿನಲ್ಲಿ 750 ವಾಟ್ ಶಾಖ ಕೊಡುವ ಟೋಸ್ಟರ್ 170ರಲ್ಲಿ ಕೊಡುವುದು ಸುಮಾರು 410 ವಾಟ್ ಮಾತ್ರ. ಅಷ್ಟರಲ್ಲಿ ಬ್ರೆಡ್ ಕೆಂಪಗಾಗುವುದಿಲ್ಲ, ಹೊತ್ತು ಹಿಡಿದು ಹಪ್ಪಳದಂತೆ ಒಣಗುತ್ತದೆ. ಆದ್ದರಿಂದ ನಾನು 1000 ವಾಟಿನದನ್ನೇ ಕೇಳಿದೆ. ಅದೂ 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರಿನ ಆಸುಪಾಸು ಮಾತ್ರ ಎಳೆಯುತ್ತದೆ, ಮಾಮೂಲಿ 6 ಆಂಪಿಯರಿನ ಪ್ಲಗ್ ಸಾಕು. ಹತ್ತು ನಿಮಿಷ ಬಿಡದೆ ಉರಿಸಿದರೂ ಒಂದು ಯೂನಿಟ್ಟಿನ ಆರನೇ ಒಂದು ಭಾಗ ಖರ್ಚಾಗುತ್ತದೆ, ಅಷ್ಟೆ.

ತಂದಿರುವುದು ಗೀರು ಗೀರಿನ ಚಪ್ಪಟೆ ತಟ್ಟೆಗಳ ಗ್ರಿಲ್ ಮಾದರಿ. ಮುಚ್ಚಳದ ಕೀಲು ಸಡಿಲವಾಗಿದ್ದು ಬ್ರೆಡ್ಡಿನ ದಪ್ಪಕ್ಕೆ ತಕ್ಕಂತೆ ಮೇಲೇಳುತ್ತದೆ. ಬೇಕರಿಯ ದಪ್ಪ ಬ್ರೆಡ್ ಅಂಚಿನ ಸಮೇತ ಕೂರುತ್ತದೆ, ಹಿಂದಿನ ತುದಿ ಕರಿಯಾಗಿ ಮುಂದಿನದು ಬಿಳಿಯಾಗಿ ಉಳಿಯುವುದಿಲ್ಲ. ಮೂರು ಪಿನ್ನಿನ ಪ್ಲಗ್ ಇದೆಯೇ ಎಂದು ಮರೆಯದೆ ನೋಡಿದೆ. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಅಡುಗೆಮನೆಯ ಗೋಡೆ, ನೆಲ ಎಲ್ಲವೂ ಬೆವರುತ್ತವೆ. ಒದ್ದೆ ಕೈಯಲ್ಲಿ ಲೋಹದ ತಟ್ಟೆ ಮುಟ್ಟುವ ಮನೆಯಲ್ಲಿ ಅರ್ಥಿಂಗ್ ಇಲ್ಲದ ಎರಡು ಪಿನ್ನಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು.

ಕರೆಂಟೇ ಇಲ್ಲದ ದಿನಗಳ ಮಾತು ಬೇರೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಇನ್ವರ್ಟರ್ ಇದೆ, ಆದರೆ ನಮ್ಮ 850 ವಿಎ ಇನ್ವರ್ಟರಿಗೆ ಹಳೆಯ ಟೋಸ್ಟರ್ ಸಿಕ್ಕಿಸಿದಾಗಲೇ ಅದು ಕೂಗಿ ಆರಿಹೋಗಿತ್ತು. ಇಂಥ ದಿನಗಳಿಗೆಂದೇ ಗ್ಯಾಸ್ ಒಲೆಯ ಮೇಲೆ ಹಿಡಿಯುವ ಉದ್ದ ಹಿಡಿಯ ಅಲ್ಯೂಮಿನಿಯಂ ಟೋಸ್ಟರ್ ಒಂದನ್ನು ಇಟ್ಟುಕೊಂಡಿದ್ದೇನೆ. ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಎರಡು ನಿಮಿಷ ಸಾಕು. ಇಂಡಕ್ಷನ್ ಒಲೆ ಇರುವವರಿಗೆ ಇದು ಪ್ರಯೋಜನವಿಲ್ಲ, ಬರಿಯ ಅಲ್ಯೂಮಿನಿಯಂ ಅದರ ಮೇಲೆ ಕಾಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಉಳಿದ ಹಂದಿ ಕರಿಯನ್ನು ಚೆನ್ನಾಗಿ ಬತ್ತಿಸಿ ಬ್ರೆಡ್ಡಿನೊಳಗೆ ಇಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಒಮ್ಮೆ ಅದರ ಗೊಜ್ಜು ಸೋರಿ ಲೇಪನವಿಲ್ಲದ ತಟ್ಟೆಗೆ ತಗುಲಿತು. ಹಂದಿ ಕರಿಗೆ ಹಾಕುವ ಕಪ್ಪು ಹುಳಿರಸವಾದ ಕಾಚಂಪುಳಿಗೆ ಅಲ್ಯೂಮಿನಿಯಂ ಮಂಕಾಗಿ, ತುತ್ತಿನಲ್ಲಿ ಲೋಹದ ರುಚಿ ಬಂತು. ಅಂದಿನಿಂದ ಹುಳಿ ಹಾಕಿದ ಪದಾರ್ಥವೆಲ್ಲ ನಾನ್‌ಸ್ಟಿಕ್ ತಟ್ಟೆಗೇ.

ನಾಲ್ಕು ತಿಂಗಳಿಂದ ಹೊಸದು ನಡೆಯುತ್ತಿದೆ. ಬಿದಿರಿನ ಕಣಿಲೆಯ ಒಣ ಪಲ್ಯ, ಆಲೂಗೆಡ್ಡೆ, ಬೇಯಿಸಿದ ಮೊಟ್ಟೆ ಎಲ್ಲವೂ ಚೆನ್ನಾಗಿ ಬರುತ್ತವೆ. ಟೊಮೆಟೊ ಮಾತ್ರ ನೀರು ಬಿಟ್ಟು ಬ್ರೆಡ್ಡನ್ನು ಮೆತ್ತಗೆ ಮಾಡುತ್ತದೆ, ಬೀಜ ತೆಗೆದು ಇಡಬೇಕು. ತೋಟದ ಬೆಣ್ಣೆಹಣ್ಣನ್ನು ಒಳಗಿಟ್ಟು ಸುಟ್ಟರೆ ಕಹಿಯಾಗುತ್ತದೆ. ಬ್ರೆಡ್ ಗರಿಗರಿಯಾದ ಮೇಲೆ ಬಿಡಿಸಿ ಸವರಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದರೆ ಅದರ ರುಚಿಯೇ ರುಚಿ. ಬೆಣ್ಣೆಯನ್ನು ಬ್ರೆಡ್ಡಿನ ಹೊರಮೈಗೆ ಹಚ್ಚುತ್ತೇನೆ, ತಟ್ಟೆಗೆ ಎಣ್ಣೆ ಸುರಿಯುವುದಿಲ್ಲ. ಎಣ್ಣೆ ಉಳಿದರೆ ಅಂಟಾಗುತ್ತದೆ, ಮಳೆಗಾಲದಲ್ಲಿ ಜಿರಳೆಗಳಿಗೆ ಅದೇ ಹಬ್ಬ. ತಟ್ಟೆಗಳನ್ನು ಕಳಚಿ ತೊಳೆಯಬಹುದಾದ ಮಾದರಿ ಅಂಗಡಿಯಲ್ಲಿತ್ತು, ಬೆಲೆ ಹೆಚ್ಚೂಕಡಿಮೆ ದುಪ್ಪಟ್ಟು. ಕೈಯಲ್ಲಿ ಹಣವಿದ್ದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ನನ್ನದನ್ನು ಪ್ಲಗ್ ಕಿತ್ತು, ಉಗುರು ಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಸ್ಟೀಲ್ ಚಮಚ, ಉಜ್ಜುವ ನಾರು ಅದರ ಹತ್ತಿರ ಸುಳಿಯುವಂತಿಲ್ಲ. ಮರದ ಸಟ್ಟುಗವನ್ನು ಅದರ ಹಿಡಿಗೇ ದಾರ ಕಟ್ಟಿ ತೂಗುಹಾಕಿದ್ದೇನೆ.

ಕೊರತೆ ಎರಡು. ವಯರ್ ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಅಷ್ಟೆ. ಪ್ಲಗ್ಗಿನ ಪಕ್ಕದಲ್ಲೇ ಜಾಗ ಮಾಡಬೇಕಾಯಿತು, ಮಿಕ್ಸಿ ಆ ಕಡೆಯ ಕಟ್ಟೆಗೆ ಹೋಯಿತು. ಹಸಿರು ದೀಪ ಹತ್ತಿದೊಡನೆ ಸ್ಯಾಂಡ್‌ವಿಚ್ ಆಗಿದೆ ಎಂದೂ ಅರ್ಥವಲ್ಲ, ತಟ್ಟೆ ಕಾದಿದೆ ಎಂದಷ್ಟೇ. ಅದನ್ನು ಅತ್ತೆಗೆ ಎರಡು ಸಲ ಹೇಳಿದೆ. ಈಗ ಅವರು ದೀಪ ನೋಡುವುದನ್ನೇ ಬಿಟ್ಟಿದ್ದಾರೆ. ಹಬೆ ಬರುವುದು ನಿಂತು ಬೆಣ್ಣೆಯ ಪರಿಮಳ ಎದ್ದಾಗ ಮುಚ್ಚಳ ತೆಗೆಯುತ್ತಾರೆ. ಅವರ ಲೆಕ್ಕ ಇದುವರೆಗೆ ಒಂದು ದಿನವೂ ತಪ್ಪಿಲ್ಲ.