ನಾಸಿಕ್‌ನಲ್ಲಿ ಎಲ್ಲಿ ತಂಗಬೇಕು: ಪಂಚವಟಿಯಲ್ಲೋ, ಗಂಗಾಪುರದ ದ್ರಾಕ್ಷಿತೋಟದಲ್ಲೋ?

ಮಂಗಳೂರು, ಉಡುಪಿ ಕಡೆಯಿಂದ ನಾಸಿಕ್‌ಗೆ ಹೊರಡುವವರಲ್ಲಿ ತ್ರ್ಯಂಬಕೇಶ್ವರದ ದರ್ಶನಕ್ಕೆಂದು ಹೋಗುವ ಹಿರಿಯರು ಗೋದಾವರಿ ದಡದ ಪಂಚವಟಿಯಲ್ಲಿ ಕೋಣೆ ಹಿಡಿಯುತ್ತಾರೆ. ವೈನ್ ತೋಟ ನೋಡಬೇಕೆನ್ನುವ ಕಿರಿಯರು ಊರಿನ ಪಶ್ಚಿಮಕ್ಕೆ, ಗಂಗಾಪುರ ಅಣೆಕಟ್ಟಿನ ಆಸುಪಾಸಿನಲ್ಲಿ ರೆಸಾರ್ಟ್ ಹುಡುಕುತ್ತಾರೆ. ಬೇರೆ ಬೇರೆ ವರ್ಷಗಳಲ್ಲಿ ನಾನು ಎರಡೂ ಕಡೆ ತಂಗಿದ್ದೇನೆ. ಹಗಲಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಆದರೆ ಬೆಳಗ್ಗೆ ಎದ್ದಾಗ ಎಲ್ಲಿರುತ್ತೇವೆ ಎಂಬುದರ ಮೇಲೆಯೇ ಪ್ರವಾಸದ ಸ್ವರೂಪ ನಿಂತಿದೆ. ನನ್ನ ಆಯ್ಕೆ ಪಂಚವಟಿ.

ಪಂಚವಟಿಯ ಹೆಚ್ಚಳವಿರುವುದು ನಸುಕಿನಲ್ಲಿ. ಗೋದಾವರಿಯ ಸ್ನಾನಘಟ್ಟವಾದ ರಾಮಕುಂಡದ ಮೆಟ್ಟಿಲುಗಳ ಮೇಲೆ ಸ್ನಾನ, ತರ್ಪಣ, ಹೂವಿನ ವ್ಯಾಪಾರ ಎಲ್ಲವೂ ಸೂರ್ಯೋದಯಕ್ಕೆ ಮುಂಚೆಯೇ ಆರಂಭವಾಗುತ್ತವೆ, ಮತ್ತು ಕೋಣೆಯಿಂದ ಕಾಲ್ನಡಿಗೆಯಲ್ಲಿ ಬಂದು ಅಲ್ಲಿ ಕುಳಿತುಕೊಳ್ಳುವ ಸುಖವು ದೂರದಿಂದ ಟ್ಯಾಕ್ಸಿಯಲ್ಲಿ ಬಂದವರಿಗೆ ದೊರೆಯುವುದಿಲ್ಲ. ಉಡುಪಿಯ ರಥಬೀದಿಯಲ್ಲಿ ಓಡಾಡಿದವರಿಗೆ ಈ ಓಣಿಗಳ ಜೀವನಕ್ರಮ ಬೇಗನೆ ಒಗ್ಗುತ್ತದೆ. ಸಮೀಪದಲ್ಲೇ ಕಪ್ಪು ಕಲ್ಲಿನ ಕಾಳಾರಾಮ ಮಂದಿರವಿದೆ. ದಲಿತರ ಪ್ರವೇಶಕ್ಕಾಗಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ 1930ರ ಮಾರ್ಚ್‌ನಲ್ಲಿ ಸತ್ಯಾಗ್ರಹ ಆರಂಭವಾದದ್ದು ಇದೇ ದೇವಾಲಯದ ಬಾಗಿಲಲ್ಲಿ. ಸೀತಾ ಗುಂಫೆ ಎಂಬ ಗುಹೆಯ ಸರದಿಯಲ್ಲಿ ನಿಲ್ಲುವ ಯಾತ್ರಿಕರು ಈ ಬಾಗಿಲ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಮನಃಪೂರ್ವಕ ಕೋರಿಕೆ. ತಿಂಡಿಗೆ ಖಾರದ ಮಿಸಳ್ ಪಾವ್ ಎಲ್ಲೆಡೆ ಸಿಗುತ್ತದೆ.

ಕೊರತೆಗಳೂ ಇವೆ. ಓಣಿಗಳಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲ, ಹಬ್ಬದ ದಿನಗಳಲ್ಲಿ ಗದ್ದಲ ರಾತ್ರಿಯವರೆಗೂ ಮುಂದುವರಿಯುತ್ತದೆ, ನದಿಯ ನೀರು ಎಲ್ಲ ಕಾಲದಲ್ಲೂ ನಿರ್ಮಲವಾಗಿರುವುದಿಲ್ಲ.

ಗಂಗಾಪುರದ ಕಡೆ ಇದಕ್ಕೆ ತದ್ವಿರುದ್ಧವಾದ ನಿಶ್ಶಬ್ದ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಪ್ರದೇಶದಲ್ಲಿ ಜನವರಿಯ ಹಗಲು ಬಿಸಿಲಾಗಿದ್ದರೂ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ದ್ರಾಕ್ಷಿಯಲ್ಲಿ ಸಿಹಿಯ ಜೊತೆಗೆ ಹುಳಿಯೂ ಉಳಿಯಲು ಈ ತಂಪು ನೆರವಾಗುತ್ತದೆ. ಇಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರುತ್ತಾರೆ, ಬೇಸಿಗೆಯಲ್ಲೊಮ್ಮೆ ಮತ್ತು ಮಳೆ ಹಿಂದೆ ಸರಿಯುವಾಗ ಇನ್ನೊಮ್ಮೆ. ಕೊಯ್ಲು ಮಾತ್ರ ಒಂದೇ, ಜನವರಿಯಿಂದ ಮಾರ್ಚ್‌ವರೆಗೆ. ರಾಜೀವ್ ಸಾಮಂತ್ ಅವರ ವೈನ್ ಕಂಪನಿ ಸುಲಾ ತನ್ನ ಮೊದಲ ವೈನನ್ನು 2000ದಲ್ಲಿ ಹೊರತಂದ ಮೇಲೆ ತಿನ್ನುವ ದ್ರಾಕ್ಷಿಗೆ ಹೆಸರಾಗಿದ್ದ ಜಿಲ್ಲೆ ವೈನಿಗೂ ಹೆಸರಾಯಿತು.

ಕ್ರಿಸ್ಮಸ್ ಹೊತ್ತಿಗೆ ಮಂಗಳೂರಿನ ಕ್ರೈಸ್ತ ನೆರೆಮನೆಗಳಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಜೊತೆ ಬರುತ್ತಿದ್ದ ಸಿಹಿ ದ್ರಾಕ್ಷಿ ವೈನನ್ನಷ್ಟೇ ಬಲ್ಲ ನನಗೆ ಇಲ್ಲಿನ ವೈನರಿ ಒಂದು ಪಾಠಶಾಲೆಯಾಯಿತು. ಕೆಂಪು ವೈನಿಗೆ ಸಿಪ್ಪೆಯ ಸಮೇತ ಹುದುಗು ಬರಿಸುತ್ತಾರೆ, ಬಣ್ಣ ಮತ್ತು ಒಗರು ಸಿಪ್ಪೆಯಿಂದಲೇ ಬರುತ್ತವೆ. ಬಿಳಿಯದಕ್ಕೆ ರಸವನ್ನು ಮೊದಲೇ ಹಿಂಡಿ ತೆಗೆದು ಉಕ್ಕಿನ ಟ್ಯಾಂಕುಗಳಲ್ಲಿ ತಣ್ಣಗಿಟ್ಟು ಹುದುಗಿಸುತ್ತಾರೆ. ನಾನು ರುಚಿ ನೋಡಿದವುಗಳಲ್ಲಿ ತುಸು ಸಿಹಿಯ ಬಿಳಿ ವೈನ್ ಶೆನಿನ್ ಬ್ಲಾಂಕ್ ನಮ್ಮ ಮಸಾಲೆಯೂಟಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಂಪು ವೈನ್ ಶಿರಾಜ್‌ನ ಒಗರು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಆದರೆ ಇಷ್ಟನ್ನು ತಿಳಿಯಲು ಒಂದು ಮಧ್ಯಾಹ್ನ ಸಾಕು. ಸಂಜೆಯಾದ ಮೇಲೆ ರೆಸಾರ್ಟಿನ ಗೇಟಿನಾಚೆ ನಡೆದು ನೋಡುವಂಥದ್ದೇನೂ ಇಲ್ಲ, ಆಟೋ ಸಿಗುವುದು ಕಷ್ಟ, ಮತ್ತು ವಾರಾಂತ್ಯದಲ್ಲಿ ಮುಂಬಯಿ, ಪುಣೆಯವರು ತುಂಬಿಕೊಂಡಾಗ ಬಾಡಿಗೆಯೂ ಏರುತ್ತದೆ, ನಿಶ್ಶಬ್ದವೂ ಉಳಿಯುವುದಿಲ್ಲ.

ಎರಡು ನೆಲೆಗಳನ್ನು ಬೆಸೆದಿರುವುದು ಗೋದಾವರಿಯೇ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿದ ನದಿಯನ್ನು ಗಂಗಾಪುರದ ಮಣ್ಣಿನ ಅಣೆಕಟ್ಟು ತಡೆದು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಬಿಟ್ಟಾಗ ರಾಮಕುಂಡ ಮುಳುಗುತ್ತದೆ, ಮತ್ತು ಘಾಟಿನ ದುತೋಂಡ್ಯಾ (ಎರಡು ಮುಖದ) ಮಾರುತಿಯ ವಿಗ್ರಹಕ್ಕೆ ನೀರು ಎಲ್ಲಿಯವರೆಗೆ ಬಂದಿದೆ ಎಂಬುದರಿಂದ ಊರಿನವರು ನೆರೆಯನ್ನು ಅಳೆಯುತ್ತಾರೆ. ಮಳೆಗಾಲದ ಹಸಿರು ಬೆಟ್ಟ, ಜಲಪಾತಗಳನ್ನು ಮುಂಬಯಿಯವರು ಮೆಚ್ಚುವುದು ಸಹಜ. ಆಗುಂಬೆ, ಚಾರ್ಮಾಡಿಗಳ ಮಳೆಯನ್ನು ಮನೆಯ ಹತ್ತಿರವೇ ಕಾಣುವ ನಮಗೆ ಅದಕ್ಕಿಂತ ಕೊಯ್ಲಿನ ಕಾಲದ ಒಣ ಬಿಸಿಲು ಮತ್ತು ಗೊಂಚಲು ತುಂಬಿದ ಬಳ್ಳಿಗಳೇ ಹೊಸತು.

ಬೆಟ್ಟವೇ ಮುಖ್ಯವೆನ್ನುವವರು ಮಾತ್ರ ನನ್ನ ಆಯ್ಕೆಯನ್ನು ಬದಿಗಿಡಬಹುದು. ಅಂಜನೇರಿ, ಬ್ರಹ್ಮಗಿರಿಗಳನ್ನು ಬೆಳಗಿನ ತಂಪಿನಲ್ಲೇ ಹತ್ತಬೇಕು, ಮತ್ತು ಪಶ್ಚಿಮದ ಕಡೆ ತಂಗಿದವರು ಊರಿನ ವಾಹನದಟ್ಟಣೆಗೆ ಸಿಲುಕದೆ ಬೆಟ್ಟದ ಬುಡ ಸೇರುತ್ತಾರೆ.

ಪ್ರಯಾಣಕ್ಕೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಒಳ್ಳೆಯದು; ಮಂಗಳೂರು ಜಂಕ್ಷನ್ ಅಥವಾ ಉಡುಪಿಯಲ್ಲಿ ಹತ್ತಿದರೆ ಗಾಡಿ ಬದಲಿಸದೆ ನಾಸಿಕ್ ರೋಡ್‌ನಲ್ಲಿ ಇಳಿಯಬಹುದು. ನಿಲ್ದಾಣ ಊರಿನಿಂದ ದೂರವಿದ್ದು, ಅಲ್ಲಿಂದ ಪಂಚವಟಿಗೆ ಬಸ್ಸು, ಆಟೋ ಸುಲಭವಾಗಿ ಸಿಗುತ್ತವೆ. ಗಂಗಾಪುರದ ಕಡೆ ಹೋಗುವವರು ಟ್ಯಾಕ್ಸಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು.