ಎಎಸ್/400ರಲ್ಲಿ ಅಕ್ಷರ ಬದಲಿಸೋಕೆ ನಾಲ್ಕು ದಾರಿ: ಯಾವುದನ್ನು ಡಿಬಗ್ ಮಾಡೋದು ಸುಲಭ?

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳ ಪಟ್ಟಿ ನಮಗೆ ಎಕ್ಸೆಲ್‌ನಲ್ಲಿ ಬರುತ್ತದೆ. ಅದನ್ನು ಸಿಎಸ್‌ವಿ ಮಾಡಿ ಐಬಿಎಂ ಐ ಸಿಸ್ಟಂಗೆ ಏರಿಸಬೇಕು. 1988ರಲ್ಲಿ ಎಎಸ್/400 ಅಂತ ಬಂದದ್ದರ ಮುಂದುವರಿಕೆ ಇದು, ನಮ್ಮಲ್ಲಿ ಈಗಲೂ ಎಲ್ಲರ ಬಾಯಲ್ಲೂ ಎಎಸ್/400 ಅಂತಲೇ ಇದೆ.

ತೊಂದರೆ ಏನಂದ್ರೆ, ಊರಿನ ಹೆಸರು ಗೋಕಾಕ್ ಅಂತ ಪರದೆ ಮೇಲೆ ಸರಿಯಾಗೇ ಕಾಣುತ್ತದೆ, ಆದರೆ ಆರ್‌ಪಿಜಿ ಭಾಷೆಯ ಪ್ರೋಗ್ರಾಂನಲ್ಲಿ ಚೈನ್ ಮಾಡಿದರೆ (ಅಂದ್ರೆ ಆ ಹೆಸರಿಟ್ಟು ಹುಡುಕಿದರೆ) ರೆಕಾರ್ಡ್ ಸಿಗೋದಿಲ್ಲ. ಡಿಎಸ್‌ಪಿಪಿಎಫ್‌ಎಂ ಅನ್ನೋ ಫೈಲ್ ತೋರಿಸುವ ಆಜ್ಞೆ ಕೊಟ್ಟು ಎಫ್10 ಒತ್ತಿ ಹೆಕ್ಸ್ (ಪ್ರತಿ ಬೈಟೂ 16ರ ಎಣಿಕೆಯಲ್ಲಿ) ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸರಿಯಾದ ರೆಕಾರ್ಡಿನಲ್ಲಿ ಸಿ7 ಡಿ6 ಡಿ2 ಸಿ1 ಡಿ2 40 40 ಅಂತಿದೆ. ಕೆಟ್ಟದ್ದರಲ್ಲಿ ಸಿ7 ಡಿ6 ಡಿ2 ಸಿ1 ಡಿ2 41 40. ಇಬ್ಸಿಡಿಕ್‌ನಲ್ಲಿ (ಈ ಸಿಸ್ಟಂನ ಅಕ್ಷರ-ಸಂಕೇತ ಪದ್ಧತಿ) ಮಾಮೂಲಿ ಸ್ಪೇಸ್ ಅಂದ್ರೆ 40. ಎಕ್ಸೆಲ್‌ನಿಂದ ನುಸುಳುವ ನಾನ್-ಬ್ರೇಕಿಂಗ್ ಸ್ಪೇಸ್ (ಸಾಲು ಮುರಿಯದ ಖಾಲಿ ಜಾಗ) ಸಿಸಿಎಸ್‌ಐಡಿ 37ಕ್ಕೆ (ಇದು ಇಬ್ಸಿಡಿಕ್‌ನ ಒಂದು ಅಕ್ಷರಪಟ್ಟಿಯ ಸಂಖ್ಯೆ) ಬರುವಾಗ 41 ಆಗುತ್ತದೆ. ಅಂಚಿನ ಸ್ಪೇಸ್ ಕತ್ತರಿಸುವ ಟ್ರಿಮ್ ಅದನ್ನು ಮುಟ್ಟೋದೇ ಇಲ್ಲ, ಯಾಕಂದ್ರೆ ಬೇರೆ ಅಕ್ಷರ ಹೇಳಿ ಕೊಡದಿದ್ದರೆ ಅದಕ್ಕೆ ಗೊತ್ತಿರೋದು 40 ಒಂದೇ.

ಇದನ್ನು ಬದಲಿಸೋಕೆ ನಾಲ್ಕು ದಾರಿ ಹಾಕಿ ನೋಡಿದೆ.

ಮೊದಲು ಆರ್‌ಪಿಜಿಯದೇ ಎಕ್ಸ್‌ಲೇಟ್. ಯಾವುದರಿಂದ, ಯಾವುದಕ್ಕೆ, ಯಾವ ಫೀಲ್ಡ್, ಅಷ್ಟೇ ಕೊಟ್ಟರೆ ಸಾಕು. ಪ್ರತಿ ಅಕ್ಷರವನ್ನು ಒಂದೇ ಸಲ ನೋಡುತ್ತದೆ, ಹಾಗಾಗಿ ಅದಲುಬದಲು ಮಾಡೋಕೆ ಇದಕ್ಕಿಂತ ಸಲೀಸು ಬೇರೆ ಇಲ್ಲ. ಯುರೋಪಿನ ಗಿರಾಕಿ 1.234,50 ಅಂತ ಮೊತ್ತ ಕಳಿಸಿದರೆ ಚುಕ್ಕಿ ಕಾಮಾ ಎರಡನ್ನೂ ಒಂದೇ ಏಟಿಗೆ ತಿರುಗಿಸಿ 1,234.50 ಮಾಡುತ್ತದೆ. ಕೊರತೆ ಅಂದ್ರೆ ಇದರಿಂದ ಅಕ್ಷರ ತೆಗೆದುಹಾಕೋಕೆ ಆಗಲ್ಲ. ಎರಡನೇ ಪಟ್ಟಿ ಚಿಕ್ಕದಾದರೆ ಮೊದಲ ಪಟ್ಟಿಯಲ್ಲಿ ಉಳಿದ ಅಕ್ಷರಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ತೆಗೆಯೋದಕ್ಕೆ ಸ್ಕ್ಯಾನ್‌ಆರ್‌ಪಿಎಲ್ ಇದೆ. ಖಾಲಿ ಸ್ಟ್ರಿಂಗ್ ಕೊಟ್ಟರೆ 41 ಮಾಯ, ಎರಡು ಮೂರು ಅಕ್ಷರದ ಗುಂಪನ್ನೂ ಬದಲಿಸುತ್ತದೆ. ಆದರೆ ಅದೇ ಚುಕ್ಕಿ-ಕಾಮಾ ಕೆಲಸ ಇದಕ್ಕೆ ಕೊಟ್ಟು ನೋಡಿ: ಕೋಡಿನ ಮೊದಲ ಸಾಲಿಗೆ 1,234,50 ಆಗುತ್ತದೆ, ಎರಡನೇ ಸಾಲಿಗೆ 1.234.50. ಮಧ್ಯದ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಹಾಕದಿದ್ದರೆ ಎಲ್ಲಿ ಕೆಟ್ಟಿತು ಅಂತ ತಿಳಿಯೋದೇ ಇಲ್ಲ.

ಮೂರನೆಯದು ತಳದ್ದು, ಎಂಐ (ಯಂತ್ರದ ಆಜ್ಞೆಗಳ) ಮಟ್ಟದ ಎಕ್ಸ್‌ಲೇಟ್‌ಬಿ. ನನಗೆ ಮಜಾ ಬಂದದ್ದು ಇದರಲ್ಲೇ, ತಲೆ ಕೆಟ್ಟದ್ದೂ ಇದರಲ್ಲೇ. 256 ಬೈಟಿನ ಒಂದು ಟೇಬಲ್ ಕೊಡಬೇಕು, ಡೇಟಾದ ಪ್ರತಿ ಬೈಟೂ ಆ ಟೇಬಲ್‌ನಲ್ಲಿ ತನ್ನ ಜಾಗ ಹುಡುಕಿ ಅಲ್ಲಿರೋದನ್ನು ತಂದುಕೊಳ್ಳುತ್ತದೆ. 40ಕ್ಕಿಂತ ಕೆಳಗಿನ ಎಲ್ಲ ಬೈಟೂ, ಜೊತೆಗೆ 41, ಎಲ್ಲವೂ 40 ಆಗಲಿ ಅಂತ ಟೇಬಲ್ ಮಾಡಿದೆ. ಕೆಳಗಿನವು ಯಾಕೆ ಅಂದ್ರೆ, 5250 ಪರದೆ (ಎಎಸ್/400ರ ಟರ್ಮಿನಲ್) ಅವುಗಳಲ್ಲಿ 20ರಿಂದ ಮೇಲಿನವನ್ನು ಬಣ್ಣದ ಆಜ್ಞೆ ಅಂದುಕೊಳ್ಳುತ್ತದೆ. ಡೇಟಾದಲ್ಲಿ ಒಂದು 27 ಸೇರಿಕೊಂಡರೆ ಅದರ ಮುಂದಿನ ಅಕ್ಷರಗಳು ಕಾಣೋದೇ ಇಲ್ಲ, ಇದ್ದೂ ಇಲ್ಲದ ಹಾಗೆ. ಇಂಥವನ್ನೆಲ್ಲ ಎಕ್ಸ್‌ಲೇಟ್‌ಗೆ ಪಟ್ಟಿ ಮಾಡಿ ಕೊಡೋದು ತಲೆನೋವು, ಟೇಬಲ್‌ಗೆ ಒಂದು ಲೂಪ್ ಸಾಕು.

ಡಿಬಗ್ ಮಾಡುವಾಗ ಟೇಬಲ್ಲನ್ನೇ ಮೊದಲು ನೋಡಬೇಕು. 41 ಅಂದ್ರೆ ದಶಮಾನದಲ್ಲಿ 65, ಆದರೆ ಆರ್‌ಪಿಜಿ ಎಣಿಕೆ 1ರಿಂದ ಶುರು ಆಗೋದರಿಂದ ಎಸ್‌ಟಿಆರ್‌ಡಿಬಿಜಿ ಡಿಬಗರ್‌ನಲ್ಲಿ 66ನೇ ಬೈಟನ್ನು ಹೆಕ್ಸ್‌ನಲ್ಲಿ ತೆಗೆದು ನೋಡಬೇಕು. ಅಲ್ಲಿ 40 ಇದ್ದರೆ ಟೇಬಲ್ ಸರಿ ಇದೆ. ಇನ್ನೊಂದು, 37ಕ್ಕೆ ಅಂತ ಮಾಡಿದ ಟೇಬಲ್ಲನ್ನು ಇನ್ನೊಂದು ಅಕ್ಷರಪಟ್ಟಿಯಾದ 500ರ ಡೇಟಾಕ್ಕೆ ಹಾಕಬೇಡಿ, ಚೌಕ ಕಂಸ ತೆರೆಯುವ ಚಿಹ್ನೆ ಒಂದರಲ್ಲಿ ಬಿಎ, ಇನ್ನೊಂದರಲ್ಲಿ 4ಎ.

ಇದರ ದೊಡ್ಡ ಅಪಾಯ ಉದ್ದ. ಎಕ್ಸ್‌ಲೇಟ್‌ಬಿಗೆ ಫೀಲ್ಡ್ ಗೊತ್ತಿಲ್ಲ, ಮೆಮೊರಿ ವಿಳಾಸ ಮತ್ತು ಉದ್ದ ಮಾತ್ರ ಗೊತ್ತು. ಬೇಕಂತಲೇ ಟೆಸ್ಟ್ ಲೈಬ್ರರಿಯಲ್ಲಿ 30ರ ಫೀಲ್ಡಿಗೆ 34 ಅಂತ ಕೊಟ್ಟು ನೋಡಿದೆ. ಪಕ್ಕದಲ್ಲಿ ಪ್ಯಾಕ್ಡ್ (ಒಂದು ಬೈಟಿಗೆ ಎರಡು ಅಂಕೆ ಹಿಡಿಸುವ) ಮೊತ್ತ 1250 ಇತ್ತು, ಅಂದ್ರೆ 00 01 25 0ಎಫ್. ಕಾಲ್ ಆದ ಮೇಲೆ ನೋಡಿದರೆ 40 40 40 40. ಆ ಸಾಲಿನಲ್ಲಿ ಏನೂ ಆಗಲ್ಲ, ಪ್ರೋಗ್ರಾಂ ಬೀಳೋದು ಎಷ್ಟೋ ಸಾಲು ಆಚೆ, ಮೊತ್ತ ಕೂಡಿಸುವಾಗ, ಎಂಸಿಎಚ್1202 ಡೆಸಿಮಲ್ ಡೇಟಾ ಎರರ್ ಅಂತ. ವೇರಿಯಿಂಗ್ (ಉದ್ದ ಬದಲಾಗುವ) ಫೀಲ್ಡ್ ಆದರೆ ಇನ್ನೂ ಚೆಂದ: ಮೊದಲ ಎರಡು ಬೈಟ್ ಅದರ ಉದ್ದ ಇರುತ್ತದೆ, 00 05 ಇದ್ದದ್ದು 40 40 ಆಗಿ ಐದಕ್ಷರದ ಗೋಕಾಕ್‌ನ ಉದ್ದ 16448 ಆಗಿ ಕೂರುತ್ತದೆ! ಹೀಗಾಗಿ ವೇರಿಯಿಂಗ್‌ಗೆ ಡೇಟಾದ ವಿಳಾಸವನ್ನೇ ಬೇರೆ ತೆಗೆದು ಕೊಡಬೇಕು, ಉದ್ದವನ್ನು ಕೈಯಿಂದ ಬರೆಯದೆ ಫೀಲ್ಡಿನಿಂದಲೇ ಕೇಳಿಕೊಳ್ಳಬೇಕು.

ನಾಲ್ಕನೆಯದು ಎಸ್‌ಕ್ಯುಎಲ್‌ನ ಟ್ರಾನ್ಸ್‌ಲೇಟ್. ಫೈಲಿಗೆ ಫೈಲೇ ಒಂದು ಅಪ್‌ಡೇಟ್‌ನಲ್ಲಿ ಮುಗಿಯುತ್ತದೆ, ಆ ಆಸೆಗೇ ಎಲ್ಲರೂ ಇದಕ್ಕೆ ಕೈ ಹಾಕೋದು. ಆದರೆ ಇಲ್ಲಿ ಕ್ರಮ ಉಲ್ಟಾ, 'ಯಾವುದಕ್ಕೆ' ಮೊದಲು, 'ಯಾವುದರಿಂದ' ಆಮೇಲೆ. ಆರ್‌ಪಿಜಿ ಅಭ್ಯಾಸದಲ್ಲಿ ಬರೆದರೆ ಫೈಲಿನ ಪ್ರತಿ 40ನ್ನೂ 41 ಮಾಡಿಬಿಡುತ್ತದೆ, ಪರದೆ ಮೇಲೆ ಒಂದು ಚೂರೂ ವ್ಯತ್ಯಾಸ ಕಾಣಲ್ಲ. ಪಟ್ಟಿ ಚಿಕ್ಕದಾದರೆ ಎಕ್ಸ್‌ಲೇಟ್ ಥರ ಬಿಡೋದೂ ಇಲ್ಲ, ಉಳಿದ ಜಾಗಕ್ಕೆ ಸ್ಪೇಸ್ ತುಂಬುತ್ತದೆ. ಒಂದೇ ಹೆಸರಿನ ಕೆಲಸಕ್ಕೆ ಎರಡು ನಡತೆ, ಇದು ಯಾರ ಐಡಿಯಾನೋ!

ದಿನದ ಪ್ರೋಗ್ರಾಂಗಳಲ್ಲಿ ನಾನು ಎಕ್ಸ್‌ಲೇಟ್ ಇಟ್ಟುಕೊಂಡಿದ್ದೇನೆ, ತೆಗೆಯುವಲ್ಲಿ ಮಾತ್ರ ಸ್ಕ್ಯಾನ್‌ಆರ್‌ಪಿಎಲ್. ಹೊರಗಿನ ಫೈಲ್ ಏರಿಸುವ ಒಂದೇ ಜಾಗದಲ್ಲಿ ಎಕ್ಸ್‌ಲೇಟ್‌ಬಿ, ಅದೂ ರೆಕಾರ್ಡನ್ನು ಫೀಲ್ಡುಗಳಾಗಿ ಒಡೆಯೋಕೆ ಮುಂಚೆ, ಪ್ಯಾಕ್ಡ್ ಅನ್ನೋದು ಹತ್ತಿರದಲ್ಲೇ ಇಲ್ಲದ ಕಡೆ. ಎಸ್‌ಕ್ಯುಎಲ್‌ನಲ್ಲಿ ಹೆಕ್ಸ್ ಫಂಕ್ಷನ್ ಹಾಕಿ 41 ಇರೋ ಸಾಲುಗಳನ್ನು ಹುಡುಕುತ್ತೇನೆ, ಅಪ್‌ಡೇಟ್‌ಗೆ ಬಳಸೋದಿಲ್ಲ.