ಎರಡು ಮಳೆಗಾಲ ಕಂಡ ಲಿಥಿಯಂ ಬ್ಯಾಟರಿ: ನಮ್ಮ ಮನೆ ಯುಪಿಎಸ್‌ನ ಪೂರ್ತಿ ಕಥೆ

ನಮ್ಮ ಮನೆ ಸಾಗರ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಇರುವುದು ನಮ್ಮದೇ ಸೀಮೆಯಲ್ಲಿ. ಆದರೂ ಜೂನ್ ತಿಂಗಳು ಬಂತೆಂದರೆ ನಮ್ಮ ಕೇರಿಯಲ್ಲಿ ಮೊದಲು ಹುಡುಕುವುದು ಟಾರ್ಚನ್ನು. ಒಂದು ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ಲೈನ್‌ಮ್ಯಾನ್ ಆ ಮಳೆಯಲ್ಲಿ ಕಾಡು ನುಗ್ಗಿ ಎಲ್ಲಿ ಬಿದ್ದಿದೆ ಅಂತ ಹುಡುಕಬೇಕು. ಹಾಗಾಗಿ ಯುಪಿಎಸ್, ಅಂದರೆ ಬ್ಯಾಟರಿ ಮತ್ತು ಅದರ ಕರೆಂಟನ್ನು ಮನೆಗೆ ಒಗ್ಗಿಸಿ ಕೊಡುವ ಇನ್ವರ್ಟರ್, ನಮಗೆ ಶೋಕಿಯಲ್ಲ. ಬಾವಿಗೆ ಹಗ್ಗ ಇದ್ದ ಹಾಗೆ.

2016ರಿಂದ ಈಚೆಗೆ ನಮ್ಮ ಮನೆಗೆ ಬಂದದ್ದು ಮೂರು ಬ್ಯಾಟರಿ, ಮೂರು ಇನ್ವರ್ಟರ್. ಕೊನೆಯದು 2024ರ ಮೇ ತಿಂಗಳಲ್ಲಿ ತಂದ 100 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಲಿಥಿಯಂ ಬ್ಯಾಟರಿ. ಅದು ಎರಡು ಮಳೆಗಾಲ ದಾಟಿದೆ. ಇದು ಅದರ ವಿಮರ್ಶೆ. ಆದರೆ ಹಿಂದಿನ ಎರಡರ ಕಥೆ ಹೇಳದೆ ಇದರ ಬೆಲೆ ಗೊತ್ತಾಗುವುದಿಲ್ಲ.

ಮೊದಲನೆಯದು ಸ್ಕ್ವೇರ್ ವೇವ್ ಇನ್ವರ್ಟರ್. ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ತಂದೆ. ಕರೆಂಟು ಹೋದ ಕೂಡಲೇ ಫ್ಯಾನು ಗುಂಯ್ ಎಂದು ಶುರುವಾಗುತ್ತಿತ್ತು. ಅಮ್ಮನಿಗೆ ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತಿತ್ತು, ಕರೆಂಟು ಹೋಗಿದೆ ಅಂತ. ನಾವು ಮನೆಗೆ ಪಡೆಯುವ ಕರೆಂಟು ಅಲೆ ಅಲೆಯಾಗಿ ಏರಿಳಿಯುತ್ತದೆ. ಸ್ಕ್ವೇರ್ ವೇವ್‌ನಲ್ಲಿ ಅದು ಮೆಟ್ಟಿಲ ಹಾಗೆ ದಡಕ್ ದಡಕ್ ಅಂತ ಹಾರುತ್ತದೆ. ಮೋಟಾರ್ ಇರುವ ಯಾವುದಕ್ಕೂ ಅದು ಒಗ್ಗುವುದಿಲ್ಲ. ಬಲ್ಬು, ಮೊಬೈಲ್ ಚಾರ್ಜರ್‌ಗೆ ನಡೆಯುತ್ತದೆ. ಈಗಲೂ ಅಂಗಡಿಯಲ್ಲಿ ಎರಡು ಸಾವಿರ ಉಳಿಯುತ್ತದೆ ಅಂತ ಯಾರಾದರೂ ಅದನ್ನೇ ತೋರಿಸಿದರೆ ಬೇಡ ಅನ್ನಿ.

2019ರಲ್ಲಿ ಲೈನಿನ ಕರೆಂಟಿನ ಹಾಗೇ ಅಲೆಯಾಗಿ ಕೊಡುವ ಸೈನ್ ವೇವ್ ಇನ್ವರ್ಟರ್, ಜೊತೆಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಅಂದರೆ ಸೀಸ ಮತ್ತು ಆಸಿಡ್ ಇರುವಂಥದ್ದು. ಗುಂಯ್ ಶಬ್ದ ಅವತ್ತೇ ನಿಂತಿತು. ಹಳೇ ಬ್ಯಾಟರಿ ಕೊಟ್ಟು ಹದಿಮೂರೂವರೆ ಸಾವಿರಕ್ಕೆ ಹೊಸದು ಬಂತು. ಒಳಗೆ ಸೀಸ ಇರುವುದರಿಂದ ಸತ್ತ ಬ್ಯಾಟರಿಗೂ ಬೆಲೆ ಉಂಟು, ಗುಜರಿಗೆ ಸುಮ್ನೆ ಕೊಡಬೇಡಿ. ಆ ಬ್ಯಾಟರಿಯನ್ನು ಜೀಪಿನಿಂದ ಇಳಿಸುವಾಗ ಇಬ್ಬರ ಸೊಂಟ ಹಿಡಿಯಿತು. ಅರವತ್ತು ಕಿಲೋದ ಹತ್ತಿರ ಹತ್ತಿರ ತೂಕ.

ಟ್ಯೂಬುಲರ್ ಬ್ಯಾಟರಿ ಒಳ್ಳೆಯದೇ. ಆದರೆ ಅದು ಮನೆಯಲ್ಲಿ ಒಂದು ದನ ಕಟ್ಟಿದ ಹಾಗೆ. ನೀರು ನೋಡಬೇಕು. ಮೇಲೆ ಆರು ಮುಚ್ಚಳ, ಪ್ರತಿಯೊಂದರಲ್ಲೂ ಒಂದು ಸಣ್ಣ ಕಡ್ಡಿ. ಹಸಿರು ಕಂಡರೆ ಸರಿ, ಕೆಂಪಿಗೆ ಇಳಿದರೆ ಕ್ಯಾನಿನಲ್ಲಿ ಬರುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಈ ಕೆಲಸವನ್ನು ಅಪ್ಪಯ್ಯ ವಹಿಸಿಕೊಂಡರು. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ಬಗ್ಗಿ ಆರೂ ಕಡ್ಡಿ ನೋಡುವುದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ಒಂದು ಮಳೆಗಾಲದಲ್ಲಿ ಕ್ಯಾನಿನ ನೀರು ಖಾಲಿಯಾಯಿತು. ಪೇಟೆಗೆ ಹೋಗಲು ಆಗಲಿಲ್ಲ. "ಮಳೆ ನೀರಿಗಿಂತ ಶುದ್ಧ ನೀರು ಯಾವ್ದೋ ತಮ್ಮಾ?" ಅಂತ ಅಪ್ಪಯ್ಯ ಸೂರಿನ ಹೆಂಚಿನಿಂದ ಬೀಳುವ ನೀರನ್ನು ಪಾತ್ರೆಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ ಹಾಕಿಯೇಬಿಟ್ಟರು. ಮಾತು ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಹೆಂಚಿನ ಮೇಲಿನ ಪಾಚಿ, ಮಣ್ಣು ಎಲ್ಲ ಆ ನೀರಿನಲ್ಲಿ ಕರಗಿರುತ್ತದೆ. ಬಟ್ಟೆ ಕಸವನ್ನು ತಡೆಯುತ್ತದೆ, ಕರಗಿದ ಉಪ್ಪನ್ನು ತಡೆಯುವುದಿಲ್ಲ. ಬ್ಯಾಟರಿಯಲ್ಲಿ ಆವಿಯಾಗಿ ಹೋಗುವುದು ಬರೀ ನೀರು. ಹಾಕಿದ ಉಪ್ಪು ಒಳಗೇ ಕೂತು ಪ್ಲೇಟ್ ತಿನ್ನುತ್ತದೆ. ಕುಡಿಯುವ ಫಿಲ್ಟರ್ ನೀರೂ ಇದಕ್ಕೆ ಆಗುವುದಿಲ್ಲ. ಅದರಿಂದಲೇ ಬ್ಯಾಟರಿ ಹಾಳಾಯಿತು ಅಂತ ನಾನು ಅಪ್ಪಯ್ಯನ ಮೇಲೆ ಹೊರೆ ಹಾಕುವುದಿಲ್ಲ. ನನ್ನ ತಪ್ಪೂ ಇತ್ತು.

ನನ್ನ ತಪ್ಪು ಏನೆಂದರೆ ಚಾರ್ಜ್ ಲೆಕ್ಕ ಗೊತ್ತಿಲ್ಲದ್ದು. ಸೀಸದ ಬ್ಯಾಟರಿ ಖಾಲಿಯಾದರೆ ಪೂರ್ತಿ ತುಂಬಲು ನಮ್ಮ ಇನ್ವರ್ಟರ್‌ಗೆ ಹತ್ತು ಹನ್ನೆರಡು ಗಂಟೆ ಬೇಕು. ಮುಕ್ಕಾಲು ಬೇಗ ತುಂಬುತ್ತದೆ, ಕೊನೆಯ ಕಾಲು ಭಾಗ ಆಮೆ ನಡಿಗೆ. ಪೂರ್ತಿ ತುಂಬದೆ ಪದೇ ಪದೇ ಖಾಲಿ ಮಾಡಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಲಿಲ್ಲ. ಅಕ್ಟೋಬರ್ ಹೊತ್ತಿಗೆ ರಾಜ್ಯದ ತುಂಬ ಕರೆಂಟಿನ ಕೊರತೆ, ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್. ಬೆಳಿಗ್ಗೆ ಮೂರು ಗಂಟೆ ಕಾಲ ಹೋಗುವುದು, ಮಧ್ಯಾಹ್ನ ಬರುವುದು, ಸಂಜೆ ಮತ್ತೆ ಹೋಗುವುದು. ಬ್ಯಾಟರಿಗೆ ಹೊಟ್ಟೆ ತುಂಬ ಊಟ ಅಂತ ಒಂದು ದಿನವೂ ಸಿಗಲಿಲ್ಲ. ನಾಲ್ಕು ಗಂಟೆ ಬರುತ್ತಿದ್ದ ಬ್ಯಾಕಪ್ ಡಿಸೆಂಬರಿಗೆ ಒಂದೂವರೆ ಗಂಟೆಗೆ ಇಳಿಯಿತು.

ಇಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಹೇಳುತ್ತೇನೆ. ಅದೂ ತಡವಾಗಿ ಮಾಡಿದ್ದು. ಬ್ಯಾಟರಿ ತರುವ ಮೊದಲು ಫ್ಯಾನು ಬದಲಾಯಿಸಿದೆ.

ಹಳೇ ಸೀಲಿಂಗ್ ಫ್ಯಾನ್ ಒಂದು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಅನ್ನುವ ಹೊಸ ನಮೂನೆ ಮೋಟಾರಿನ ಫ್ಯಾನ್ ಜೋರಾಗಿ ತಿರುಗಿದರೂ 30 ವ್ಯಾಟ್ ಆಸುಪಾಸು. ನಮ್ಮಲ್ಲಿ ನಾಲ್ಕು ಫ್ಯಾನು. 300 ವ್ಯಾಟ್ ಇದ್ದದ್ದು 120 ಆಯಿತು. ಬಲ್ಬು ಎಲ್ಲ ಮೊದಲೇ 9 ವ್ಯಾಟಿನ ಎಲ್‌ಇಡಿ. ಸತ್ತೇ ಹೋಯಿತು ಅಂದುಕೊಂಡಿದ್ದ ಬ್ಯಾಟರಿ ಮತ್ತೆ ಎರಡೂವರೆ, ಮೂರು ಗಂಟೆ ಎಳೆಯಿತು. ಒಂದು ಫ್ಯಾನಿಗೆ ಮೂರು ಸಾವಿರ ಬಿತ್ತು, ನಾಲ್ಕಕ್ಕೆ ಹನ್ನೆರಡು. ಅಂಗಡಿಯವರು ಯಾರೂ ಇದನ್ನು ಹೇಳಲಿಲ್ಲ. ಬ್ಯಾಕಪ್ ಸಾಲದು ಅಂತ ಹೋದರೆ ದೊಡ್ಡ ಬ್ಯಾಟರಿ ತೋರಿಸುತ್ತಾರೆ. 900 ವಿಎ ಇನ್ವರ್ಟರ್ ಸಾಲದು, 1500 ವಿಎ ತಗೊಳ್ಳಿ ಅನ್ನುತ್ತಾರೆ. ವಿಎ ಹೇಳುವುದು ಒಟ್ಟಿಗೆ ಎಷ್ಟು ಭಾರ ಹೊರಬಹುದು ಅನ್ನುವುದನ್ನು, ಎಷ್ಟು ಹೊತ್ತು ಹೊರಬಹುದು ಅನ್ನುವುದನ್ನಲ್ಲ. ಹೊತ್ತು ನಿಂತಿರುವುದು ಬ್ಯಾಟರಿಯ ಮೇಲೆ, ಮತ್ತೆ ನೀವು ಹಾಕುವ ಲೋಡಿನ ಮೇಲೆ. ಫ್ಯಾನು ಕೊಳ್ಳುವಾಗ ಸ್ಟಾರ್ ಚೀಟಿ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ. ಒಂದೇ ಕಿರಿಕಿರಿ ರಿಮೋಟು. ಅಮ್ಮ ಇವತ್ತಿಗೂ ಅದನ್ನು ಟಿವಿ ಕಡೆ ತಿರುಗಿಸಿ ಒತ್ತುತ್ತಾರೆ.

ಇನ್ನು ಲಿಥಿಯಂ. ಪೆಟ್ಟಿಗೆಯ ಮೇಲೆ ಎಲ್‌ಎಫ್‌ಪಿ ಅಂತ ಬರೆದಿರುತ್ತದೆ, ಲಿಥಿಯಂ ಐರನ್ ಫಾಸ್ಫೇಟ್. ಮೊಬೈಲ್ ಬ್ಯಾಟರಿಗಿಂತ ಬೇರೆ ಜಾತಿ, ಬಿಸಿಗೆ ಅಷ್ಟು ಬೇಗ ಕೆರಳುವುದಿಲ್ಲ. 12.8 ವೋಲ್ಟ್, 100 ಎಎಚ್, ಆಗ ಕೊಟ್ಟ ಬೆಲೆ ಮೂವತ್ತೊಂದು ಸಾವಿರ. 150ರ ಜಾಗಕ್ಕೆ 100 ಯಾಕೆ ಅಂತ ನಾನೂ ಕೇಳಿದೆ. ಸೀಸದ ಬ್ಯಾಟರಿಯ 150 ಅನ್ನುವುದು ಇಪ್ಪತ್ತು ಗಂಟೆ ನಿಧಾನಕ್ಕೆ ಹಿಂಡಿದರೆ ಸಿಗುವ ಲೆಕ್ಕ. ಮೂರು ನಾಲ್ಕು ಗಂಟೆಯಲ್ಲಿ ಖಾಲಿ ಮಾಡಿದರೆ ಅಷ್ಟು ಕೊಡುವುದಿಲ್ಲ. ಲಿಥಿಯಂ ಹೇಗೆ ಹಿಂಡಿದರೂ ಹೆಚ್ಚು ಕಡಿಮೆ ಪೂರ್ತಿ ಕೊಡುತ್ತದೆ. ನನ್ನ ಅನುಭವದಲ್ಲಿ ಎರಡೂ ಸರಿಸಮ. ಹೊಸ ಟ್ಯೂಬುಲರ್ ಕೊಡುತ್ತಿದ್ದಷ್ಟೇ ಬ್ಯಾಕಪ್, ಜಾಸ್ತಿಯೇನೂ ಇಲ್ಲ. ಜಾಸ್ತಿ ಬರುತ್ತದೆ ಅಂತ ತಂದರೆ ಬೇಜಾರಾಗುತ್ತದೆ.

ಹಾಗಾದರೆ ಹೆಚ್ಚು ದುಡ್ಡು ಯಾಕೆ? ನಮ್ಮ ಊರಿನ ಕರೆಂಟಿಗಾಗಿ. ಐದಾರು ಗಂಟೆಯಲ್ಲಿ ತುಂಬುತ್ತದೆ. ಅರ್ಧ ತುಂಬಿ ಮತ್ತೆ ಖಾಲಿಯಾದರೂ ಕೆಡುವುದಿಲ್ಲ. ಬಂದು ಹೋಗಿ, ಬಂದು ಹೋಗಿ ಮಾಡುವ ಲೈನಿಗೆ ಇದೇ ಸರಿ. ದಿನಕ್ಕೆ ಅರ್ಧ ಗಂಟೆ ಕರೆಂಟು ಹೋಗುವ ಪೇಟೆ ಮನೆಗೆ ಇಷ್ಟು ಖರ್ಚು ದಂಡ, ಟ್ಯೂಬುಲರ್ ಸಾಕು.

ತಂದ ಮೊದಲ ವಾರ ಮಾತ್ರ ನರಕ. "ನಿಮ್ಮ ಹಳೇ ಇನ್ವರ್ಟರ್‌ಗೇ ಹಾಕಬಹುದು, ಏನೂ ಆಗಲ್ಲ" ಅಂತ ಅಂಗಡಿಯವರು ಧೈರ್ಯ ಕೊಟ್ಟು ಕಳಿಸಿದ್ದರು. ಪ್ರತಿ ರಾತ್ರಿ ಚಾರ್ಜ್ ಮುಗಿಯುವ ಹೊತ್ತಿಗೆ ಇನ್ವರ್ಟರ್ ಕುಂಯ್ ಕುಂಯ್ ಅಂತ ಕೂಗಿ ಕೆಂಪು ದೀಪ ಹಾಕುತ್ತಿತ್ತು. ಹುಡುಗನೊಬ್ಬ ಬಂದು ಬಿಚ್ಚಿ, ಕಟ್ಟಿ, ಹೋದ. ಮತ್ತೆ ಅದೇ. ಕೊನೆಗೆ ನಾನೇ ಮಲ್ಟಿಮೀಟರ್ ಹಿಡಿದು ಕೂತೆ. 14.2, 14.5, 14.8... ಹಾಗೇ ಏರಿ 15ನ್ನೂ ದಾಟಲು ಹೊರಟಾಗ ಟಕ್ ಅಂತ ಬ್ಯಾಟರಿ ತನ್ನನ್ನು ತಾನೇ ಕಡಿದುಕೊಂಡಿತು. ಆ ಇನ್ವರ್ಟರ್ ಟ್ಯೂಬುಲರ್ ಬ್ಯಾಟರಿಯ ಲೆಕ್ಕದಲ್ಲಿ ವೋಲ್ಟೇಜ್ ಒತ್ತುತ್ತಿತ್ತು. ಇಂಥ ಲಿಥಿಯಂನಲ್ಲಿ ನಾಲ್ಕು ಸೆಲ್, ಒಂದೊಂದಕ್ಕೆ 3.65 ವೋಲ್ಟ್ ಮೇಲೆ ಹೋಗಬಾರದು. ಅಂದರೆ ಒಟ್ಟು 14.6. ಅದನ್ನು ಮೀರುತ್ತಲೇ ಹೋದರೆ ಒಳಗಿನ ಬಿಎಂಎಸ್ ಅನ್ನುವ ಕಾವಲುಗಾರ ಬಾಗಿಲು ಹಾಕುತ್ತಾನೆ. ಕಾವಲುಗಾರ ಇದ್ದಾನೆ ಅಂತ ದಿನಾ ಬಾಗಿಲು ಒದೆಯಬಾರದಲ್ಲ. ಮತ್ತೆ ಏಳು ಸಾವಿರ ಕೊಟ್ಟು ಲಿಥಿಯಂ ಮೋಡ್ ಇರುವ ಇನ್ವರ್ಟರ್ ತಂದೆ. ಆಮೇಲೆ ಒಂದು ದಿನವೂ ಕೂಗಿಲ್ಲ. ನೀವು ಕೊಳ್ಳುವ ಮೊದಲು ಇದೊಂದನ್ನು ಬರೆದು ಕೊಡಿ ಅಂತ ಕೇಳಿ: ಇನ್ವರ್ಟರ್‌ನಲ್ಲಿ ಲಿಥಿಯಂ ಮೋಡ್ ಇದೆಯಾ, ಇಲ್ಲವಾ.

2024ರ ಜುಲೈ ಮಳೆಯಲ್ಲಿ ನಿಜವಾದ ಪರೀಕ್ಷೆ ಆಯಿತು. ನಮ್ಮ ಕೇರಿಗೆ ಮೂರು ದಿನ ಕರೆಂಟಿಲ್ಲ. ಆ ಮಳೆಯಲ್ಲಿ ಫ್ಯಾನು ಯಾರಿಗೆ ಬೇಕು, ಕಂಬಳಿ ಬೇಕು. ಎರಡು ಬಲ್ಬು, ವೈಫೈ, ಮೊಬೈಲು, ಅಷ್ಟೇ. ಎರಡನೇ ದಿನ ಕೇಬಲ್ಲೇ ಹರಿದು ಬಿದ್ದು ವೈಫೈ ಕೂಡ ಹೋಯಿತು. ಆಗ ಒಂದು ವಿಷಯ ಗೊತ್ತಾಯಿತು. ಏನೂ ಲೋಡ್ ಇಲ್ಲದೆ ಸುಮ್ನೆ ಆನ್ ಇದ್ದರೂ ಇನ್ವರ್ಟರ್ ತಾನೇ 15 ವ್ಯಾಟ್ ನುಂಗುತ್ತದೆ. ಇಪ್ಪತ್ನಾಲ್ಕು ಗಂಟೆಗೆ 360 ವ್ಯಾಟ್ ಅವರ್. ನಮ್ಮ ಬ್ಯಾಟರಿಯಿಂದ ಕೈಗೆ ಸಿಗುವುದೇ ಸುಮಾರು 1000 ವ್ಯಾಟ್ ಅವರ್. ಅಂದರೆ ಯಾರೂ ಬಳಸದೆ ಮೂರು ದಿನದಲ್ಲಿ ಖಾಲಿ! ಅದಕ್ಕೆ ಹಗಲೆಲ್ಲ ಇನ್ವರ್ಟರ್‌ನ ಸ್ವಿಚ್ಚೇ ಆಫ್ ಮಾಡಿದೆವು. ಸಂಜೆ ಆರಕ್ಕೆ ಹಾಕಿ ಹತ್ತೂವರೆಗೆ ತೆಗೆಯುವುದು. ಮೂರನೇ ರಾತ್ರಿ ಊಟಕ್ಕೆ ಕೂತಾಗಲೂ ದೀಪ ಇತ್ತು. ಪಕ್ಕದ ಮನೆಯವರ ನಾಲ್ಕು ಮೊಬೈಲೂ ನಮ್ಮಲ್ಲೇ ಚಾರ್ಜ್.

ಬಿಲ್ಲಿನಲ್ಲಿ ಬಂದ ಬದಲಾವಣೆ ನಾನು ಎಣಿಸಿರದಿದ್ದದ್ದು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ 92 ಯೂನಿಟ್ ಮಿತಿ. ಬೇಸಿಗೆಯಲ್ಲಿ ಅದನ್ನು ಸ್ವಲ್ಪ ದಾಟಿ, ದಾಟಿದ್ದಕ್ಕೆ ದುಡ್ಡು ಕಟ್ಟುತ್ತಿದ್ದೆ. ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ತಂದು ನೋಡಿದಾಗ, ಮುದಿ ಟ್ಯೂಬುಲರ್ ಇದ್ದಾಗ ಯುಪಿಎಸ್ ಒಂದೇ ದಿನಕ್ಕೆ 0.7 ಯೂನಿಟ್ ತಿನ್ನುತ್ತಿತ್ತು. ಕರೆಂಟು ಹೋಗದ ದಿನವೂ! ಈಗ ಅದರ ಅರ್ಧ. ತಿಂಗಳಿಗೆ ಹತ್ತು ಯೂನಿಟ್ ಉಳಿತಾಯ. ಫ್ಯಾನಿನದ್ದೂ ಸೇರಿ ಈಗ ಬಿಲ್ಲು ಸೊನ್ನೆ.

ದೂರುಗಳೂ ಇವೆ. ದೊಡ್ಡದು ಯಾವುದೆಂದರೆ, ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ. ಸೀಸದ ಬ್ಯಾಟರಿಯಲ್ಲಿ ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ, ಇನ್ವರ್ಟರ್‌ನ ಗೆರೆಯೂ ನಾಲ್ಕು, ಮೂರು, ಎರಡು ಅಂತ ಇಳಿಯುತ್ತದೆ. ಲಿಥಿಯಂನಲ್ಲಿ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ನಾಲ್ಕು ಗೆರೆ ಇದೆಯಲ್ಲ ಅಂತ ಧೈರ್ಯವಾಗಿ ಮಲಗಿದರೆ ರಾತ್ರಿ ಮೂರಕ್ಕೆ ಗಪ್ಪನೆ ಕತ್ತಲು. ಹೋದ ಏಪ್ರಿಲ್‌ನ ಸೆಕೆಯಲ್ಲಿ ಎರಡು ಸಲ ಹೀಗಾಯಿತು. ಈಗ ಗೆರೆ ನೋಡುವುದು ಬಿಟ್ಟು ಗಡಿಯಾರ ನೋಡುತ್ತೇವೆ. ಇನ್ನೊಂದು, ರಿಪೇರಿ. ಟ್ಯೂಬುಲರ್ ಆದರೆ ಸಾಗರದಲ್ಲಿ ಹತ್ತು ಜನ ನೋಡುತ್ತಾರೆ. ಇದು ಕೆಟ್ಟರೆ ಪೆಟ್ಟಿಗೆ ಸಮೇತ ಕಳಿಸಬೇಕು. ಐದು ವರ್ಷ ವಾರಂಟಿ ಇದೆ, ಬಿಲ್ಲು ಅಕ್ಕಿ ಡಬ್ಬಿಯ ಹಿಂದೆ ಜೋಪಾನವಾಗಿದೆ. ಸಿಡಿಲಿನ ದಿನ ಯುಪಿಎಸ್‌ನ ಪ್ಲಗ್ ಕೀಳುವುದಂತೂ ತಪ್ಪಿದ್ದಲ್ಲ. ಆ ವಿಷಯದಲ್ಲಿ ಸೀಸವೂ ಒಂದೇ, ಲಿಥಿಯಂ ಕೂಡ ಒಂದೇ.

ಖುಷಿ ಕೊಟ್ಟ ಸಣ್ಣ ವಿಷಯ ಒಂದಿದೆ. ಪಂಚೆಗೆ ತೂತು ಬೀಳುವುದು ನಿಂತಿದೆ. ಆಸಿಡ್ ಹನಿ ಬಿದ್ದ ಬಟ್ಟೆ ಎರಡು ಸಲ ಒಗೆಯುವಷ್ಟರಲ್ಲಿ ಜರಡಿಯಾಗುತ್ತಿತ್ತು. ಟರ್ಮಿನಲ್ ಮೇಲೆ ಬಿಳಿ ನೀಲಿ ಪುಡಿ ಬೆಳೆಯುವುದು, ಬಿಸಿನೀರಿಗೆ ಸೋಡಾ ಹಾಕಿ ತೊಳೆಯುವುದು, ವ್ಯಾಸಲಿನ್ ಹಚ್ಚುವುದು, ಯಾವುದೂ ಇಲ್ಲ. ಬ್ಯಾಟರಿಯನ್ನು ಅಮ್ಮನೇ ಒಂದು ಕೈಯಲ್ಲಿ ಸರಿಸಿ ನೆಲ ಒರೆಸುತ್ತಾರೆ. ಹನ್ನೆರಡು ಕಿಲೋ ಇರಬಹುದು ಅಷ್ಟೇ.

ಅಪ್ಪಯ್ಯನಿಗೆ ಮಾತ್ರ ಸಮಾಧಾನವಿಲ್ಲ. ಹೊಸ ಪೆಟ್ಟಿಗೆಗೆ ಮುಚ್ಚಳವೂ ಇಲ್ಲ, ಕಡ್ಡಿಯೂ ಇಲ್ಲ. ಆದರೂ ಒಂದನೇ ತಾರೀಕು ಕಾಫಿ ಆದಮೇಲೆ ಕನ್ನಡಕ ಹಾಕಿಕೊಂಡು ಅದರ ಮುಂದೆ ಬಗ್ಗಿ ನಿಲ್ಲುತ್ತಾರೆ. "ನೀರು ಕುಡಿಯದೆ ಇದು ಹ್ಯಾಂಗೆ ಬದುಕ್ತದೆ ಮಾರಾಯ?" ಅನ್ನುತ್ತಾರೆ. ಉಳಿದ ಅರ್ಧ ಕ್ಯಾನ್ ಬ್ಯಾಟರಿ ನೀರನ್ನು ಪಕ್ಕದ ಮನೆಗೆ ಕೊಟ್ಟೆವು. ಈಗ ಅವರ ಬ್ಯಾಟರಿಯ ಆರು ಕಡ್ಡಿ ನೋಡಿ ಬರುವುದೂ ಅಪ್ಪಯ್ಯನೇ.